ಹತ್ತೊಂಬತ್ತಕ್ಕಿಂತ ಹದಿನೆಂಟು ಮುಂದಾದ ಎಣಿಕೆ

ಮುಂಬಯಿಯ ಮಧ್ಯ ರೈಲು ಮಾರ್ಗದ ಒಂದು ಉಪನಗರದಲ್ಲಿ ನಮ್ಮ ಕನ್ನಡ ಸಂಘವಿದೆ. ಅದರ ಕಾರ್ಯಕಾರಿ ಸಮಿತಿಯ 7 ಸ್ಥಾನಗಳಿಗೆ ಕಳೆದ ವರ್ಷ ನಡೆದ ಚುನಾವಣೆಗೆ ನನ್ನನ್ನು ಚುನಾವಣಾಧಿಕಾರಿಯನ್ನಾಗಿ ನೇಮಿಸಿದ್ದರು. ಜೂನಿಯರ್ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳೆಂಬುದೇ ಆ ನೇಮಕಕ್ಕೆ ಕಾರಣ. ಪ್ರಮಾಣಾನುಗುಣ ಪ್ರಾತಿನಿಧ್ಯದ, ಅಂದರೆ ಪ್ರತಿ ಗುಂಪಿಗೂ ಅದರ ಮತದ ಪ್ರಮಾಣಕ್ಕೆ ತಕ್ಕಷ್ಟು ಸ್ಥಾನ ಸಿಗುವ ಮತದಾನವನ್ನು ಸಂಘವು ಮೊದಲ ಬಾರಿಗೆ ಅಳವಡಿಸಿಕೊಂಡಿದ್ದರಿಂದ, ಲೆಕ್ಕ ಬಲ್ಲವರೊಬ್ಬರು ಎಣಿಕೆಯ ಮೇಜಿನಲ್ಲಿರಬೇಕೆಂದು ಮಹಾಸಭೆ ಬಯಸಿತ್ತು. ಆ ದಿನ ಬೆಳಗಿನಿಂದ ರಾತ್ರಿಯವರೆಗೆ ಕಂಡದ್ದನ್ನೂ, ಅದಕ್ಕೆ ಮೊದಲಿನ ಆರು ತಿಂಗಳ ಸಿದ್ಧತೆಯನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಹಳೆಯ ಪದ್ಧತಿ ಸರಳವಾಗಿತ್ತು. 7 ಸ್ಥಾನಗಳಿದ್ದರೆ ಪ್ರತಿ ಸದಸ್ಯರೂ 7 ಹೆಸರುಗಳ ಮುಂದೆ ಸರಿ ಗುರುತು ಹಾಕುತ್ತಿದ್ದರು, ಹೆಚ್ಚು ಮತ ಪಡೆದ ಏಳು ಮಂದಿ ಗೆಲ್ಲುತ್ತಿದ್ದರು. ಆದರೆ ನೂರರಲ್ಲಿ 55 ಮಂದಿ ಒಂದೇ ಬಣದ ಏಳು ಹೆಸರಿಗೂ ಗುರುತು ಹಾಕಿದರೆ ಏಳೂ ಸ್ಥಾನ ಆ ಬಣಕ್ಕೇ ಹೋಗುತ್ತದೆ, ಉಳಿದ 45 ಮಂದಿಗೆ ಒಂದೂ ದಕ್ಕುವುದಿಲ್ಲ. ಅದರ ಹಿಂದಿನ ಚುನಾವಣೆಯಲ್ಲಿ ಆದದ್ದು ಇದೇ. ಗೆದ್ದ ಬಣದ ಏಳನೆಯವರಿಗೆ 158 ಮತ ಬಂದಿದ್ದರೆ, ಸೋತವರ ಪೈಕಿ ಮೊದಲಿಗರಿಗೆ 131 ಬಂದಿತ್ತು. ನಮ್ಮ ಸಂಘದಲ್ಲಿ ಉಡುಪಿ, ಮಂಗಳೂರು ಕಡೆಯ ಹೋಟೆಲ್ ಮತ್ತು ಬ್ಯಾಂಕ್ ಕುಟುಂಬಗಳಿವೆ, ಧಾರವಾಡ, ವಿಜಯಪುರ ಕಡೆಯ ಕಚೇರಿ ನೌಕರರಿದ್ದಾರೆ. ಈಚಿನ ವರ್ಷಗಳಲ್ಲಿ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ನೆಲೆಸಿದವರು ಮಕ್ಕಳ ಕನ್ನಡ ತರಗತಿಯ ಮೂಲಕ ಸದಸ್ಯರಾಗಿದ್ದಾರೆ. ಇವರಲ್ಲಿ ಕೊನೆಯವರಿಗೆ ಸಮಿತಿಯಲ್ಲಿ ಒಂದು ದನಿಯೂ ಇರಲಿಲ್ಲ. ಯಾರೂ ಅವರನ್ನು ಬೇಕೆಂದೇ ಹೊರಗಿಟ್ಟಿರಲಿಲ್ಲ. ಆ ಪದ್ಧತಿಯಲ್ಲಿ ಅದು ತಾನಾಗಿಯೇ ಆಗುತ್ತಿತ್ತು.

ಜಿಲ್ಲೆಗೊಂದು ಸ್ಥಾನ ಮೀಸಲಿಡೋಣವೆಂಬ ಸಲಹೆ ಮೊದಲು ಬಂತು. ಯಾವ ಜಿಲ್ಲೆಗೆ ಎಷ್ಟು, ಮುಂಬಯಿಯಲ್ಲೇ ಹುಟ್ಟಿದವರು ಯಾವ ಜಿಲ್ಲೆಯವರು ಎಂಬ ಪ್ರಶ್ನೆಗಳೆದ್ದು ಎರಡು ಸಭೆಗಳು ಜಗಳದಲ್ಲೇ ಮುಗಿದವು. ಮೂರನೆಯ ಸಭೆಯಲ್ಲಿ ನಾನು, ನಮ್ಮ ನಗರದ ವಿಧಾನ ಭವನದಲ್ಲೇ ನಡೆಯುವ ಒಂದು ಪದ್ಧತಿಯಿದೆ, ಅದನ್ನೇ ಏಕೆ ತರಬಾರದು ಎಂದು ಕೇಳಿದೆ. ರಾಜ್ಯಸಭೆಗೆ ಶಾಸಕರು ಸದಸ್ಯರನ್ನು ಆರಿಸುವುದು, ವಿಧಾನ ಪರಿಷತ್ತಿಗೆ ಪದವೀಧರರೂ ಶಿಕ್ಷಕರೂ ಮತ ಹಾಕುವುದು, ಎರಡೂ ಏಕ ವರ್ಗಾವಣೀಯ ಮತದ ಮೂಲಕವೇ, ಅಂದರೆ ಮತದಾರರು ಅಭ್ಯರ್ಥಿಗಳಿಗೆ 1, 2, 3 ಎಂದು ಕ್ರಮ ಕೊಡುತ್ತಾರೆ, ಮೊದಲ ಹೆಸರಿಗೆ ಉಪಯೋಗವಾಗದ ಮತ ಮುಂದಿನ ಹೆಸರಿಗೆ ದಾಟುತ್ತದೆ. ಸಂವಿಧಾನದ 80 ಮತ್ತು 171ನೆಯ ವಿಧಿಗಳು ಹಾಗೆಂದು ಹೇಳುತ್ತವೆ. ಅಷ್ಟೇ ಅಲ್ಲ, ಆ ಸಂವಿಧಾನವನ್ನು ಬರೆದ ಸಭೆಗೂ 1946ರಲ್ಲಿ ಪ್ರಾಂತ್ಯಗಳ ಶಾಸಕರು ಸದಸ್ಯರನ್ನು ಆರಿಸಿದ್ದು ಇದೇ ರೀತಿಯಲ್ಲಿ. ಶಿಕ್ಷಕರ ಕ್ಷೇತ್ರದ ಮತದಾರಳಾಗಿ ನಾನು ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದ 1, 2, 3 ಎಂದು ಬರೆದು ಬಂದವಳಾದ್ದರಿಂದ ಮತದಾರರ ಕಡೆಯ ಕೆಲಸ ನನಗೆ ತಿಳಿದಿತ್ತು. ಮೇಜಿನ ಆಚೆ ಬದಿಯಲ್ಲಿ ಏನಾಗುತ್ತದೆಂಬುದನ್ನು ನಿಯಮಾವಳಿ ಓದಿಯೇ ಕಲಿಯಬೇಕಾಯಿತು.

ಇಸ್ರೇಲ್, ನೆದರ್ಲೆಂಡ್ಸ್‌ಗಳಲ್ಲಿರುವಂತೆ ಪಕ್ಷದ ಪಟ್ಟಿಗೆ ಮತ ಹಾಕಿಸಿ, ಬಂದ ಮತದ ಪ್ರಮಾಣಕ್ಕೆ ತಕ್ಕಂತೆ ಸ್ಥಾನ ಹಂಚುವ ವಿಧಾನವನ್ನೂ ಒಬ್ಬರು ಸೂಚಿಸಿದರು. ಎಣಿಕೆಗೆ ಅದು ಬಲು ಸುಲಭ. ಆದರೆ ನಮ್ಮಲ್ಲಿ ಪಕ್ಷಗಳಿಲ್ಲ, ಬಣಗಳಿವೆ. ಆ ಬಣಗಳೂ ಬಾಯಿಮಾತಿನವು, ಚುನಾವಣೆ ಮುಗಿದ ಮೇಲೆ ಯಾರೂ ಒಪ್ಪಿಕೊಳ್ಳದಂಥವು. ಅವುಗಳಿಗೆ ಬೈಲಾದಲ್ಲಿ ಹೆಸರು ಕೊಟ್ಟು ಶಾಶ್ವತಗೊಳಿಸುವುದು ನನಗೆ ಸರಿಯೆನಿಸಲಿಲ್ಲ. ವ್ಯಕ್ತಿಗಳಿಗೆ ಮತ ಹಾಕಿಸಿಯೂ ಪ್ರಮಾಣ ಕಾಯುವುದು ಏಕ ವರ್ಗಾವಣೀಯ ಮತದ ಗುಣ. ಐರ್ಲೆಂಡ್ ಮತ್ತು ಮಾಲ್ಟಾ ದೇಶಗಳು ನೂರು ವರ್ಷಗಳಿಂದ ಇದನ್ನು ಬಳಸುತ್ತಿರುವುದು ಅದಕ್ಕಾಗಿಯೇ. ಮಹಾಸಭೆಯಲ್ಲಿ ತಿದ್ದುಪಡಿ ಅಂಗೀಕಾರವಾಯಿತು, ಚಾರಿಟಿ ಕಮಿಷನರ್ ಕಚೇರಿಯ ಕಾಗದಪತ್ರಗಳೂ ಮುಗಿದವು.

ಸಿದ್ಧತೆಯ ದಿನಗಳಲ್ಲಿ ನನ್ನನ್ನು ಎಡೆಬಿಡದೆ ಕಾಡಿದ್ದು ಅಂಬೇಡ್ಕರ್ ಅವರ ಒಂದು ಮಾತು. 1949ರ ಜನವರಿಯಲ್ಲಿ, ಲೋಕಸಭೆಗೆ ಪ್ರಮಾಣಾನುಗುಣ ಪ್ರಾತಿನಿಧ್ಯ ಬೇಕೆಂಬ ತಿದ್ದುಪಡಿಯನ್ನು ವಿರೋಧಿಸುತ್ತಾ ಅವರು ಎರಡು ಕಾರಣ ಕೊಟ್ಟರು. ಒಂದು, ಆ ಪದ್ಧತಿಗೆ ವ್ಯಾಪಕವಾದ ಅಕ್ಷರಜ್ಞಾನ ಬೇಕು, ಪ್ರತಿ ಮತದಾರನಿಗೂ ಕನಿಷ್ಠ ಅಂಕಿಗಳಾದರೂ ತಿಳಿದಿದ್ದು ಅವನ್ನು ಮತಪತ್ರದ ಮೇಲೆ ಬರೆಯಲು ಬರಬೇಕು. ಎರಡು, ಶಾಸನಸಭೆ ಸಣ್ಣ ಸಣ್ಣ ಗುಂಪುಗಳಾಗಿ ಒಡೆದು ಸರ್ಕಾರ ಸ್ಥಿರವಾಗಿ ನಿಲ್ಲಲಾರದು. ಎರಡನೆಯದು ರಾಜ್ಯೋತ್ಸವದ ಕಾರ್ಯಕ್ರಮ ನಡೆಸುವ ನಮ್ಮ ಸಮಿತಿಗೆ ಅನ್ವಯಿಸದು. ಮೊದಲನೆಯದು ಮಾತ್ರ ಇಂದಿಗೂ ತಳ್ಳಿಹಾಕುವಂಥದ್ದಲ್ಲ, ಏಕೆಂದರೆ ನಾನು ಯಾರ ದನಿಗಾಗಿ ಈ ಪದ್ಧತಿ ಬೇಕೆಂದು ವಾದಿಸಿದ್ದೆನೋ ಅವರಲ್ಲೇ ಕೆಲವರಿಗೆ ಓದುಬರಹ ಬಾರದು. ಆದ್ದರಿಂದ ಮೂರು ಭಾನುವಾರ ಅವರ ವಸತಿಗೆ ಹೋಗಿ, ಅಭ್ಯರ್ಥಿಗಳ ಬದಲು ಹಣ್ಣುಗಳ ಚಿತ್ರವಿದ್ದ ಮಾದರಿ ಮತಪತ್ರ ಕೊಟ್ಟು, ಬಹಳ ಇಷ್ಟವಾದ ಹಣ್ಣಿಗೆ 1, ಅದು ಸಿಗದಿದ್ದರೆ ಯಾವುದು ಬೇಕೋ ಅದಕ್ಕೆ 2 ಎಂದು ಬರೆಸಿದೆ. ಮೊಬೈಲಿನಲ್ಲಿ ನಂಬರ್ ಒತ್ತುವ, ದಿನಗೂಲಿಯ ಲೆಕ್ಕ ಇಡುವ ಹೆಂಗಸರಿಗೆ ಅಂಕಿಗಳು ಚೆನ್ನಾಗಿಯೇ ಗೊತ್ತಿದ್ದವು. ಒಬ್ಬ ಹಿರಿಯ ಹೆಣ್ಣುಮಗಳು, "ಮಾವಿನಹಣ್ಣು ಇಲ್ಲಂದ್ರ ಬಾಳೆಹಣ್ಣು, ಅದೂ ಇಲ್ಲಂದ್ರ ಪೇರಲ. ಇದ್ರಾಗ ತಿಳೀಲಾರ್ದು ಏನೈತ್ರಿ ಟೀಚರ್?" ಎಂದು ಕೇಳಿದರು. ನಿಜವಾಗಿ ತಪ್ಪುತ್ತಿದ್ದವರು ವರ್ಷಗಳಿಂದ ಸರಿ ಗುರುತು ಹಾಕಿ ರೂಢಿಯಾದ ಹಳೆಯ ಸದಸ್ಯರು. ಮತಪತ್ರದಲ್ಲಿ ಹೆಸರಿನ ಪಕ್ಕ ಭಾವಚಿತ್ರವನ್ನೂ ಅಚ್ಚು ಹಾಕಿಸಿದೆವು. ಹೆಸರುಗಳ ಕ್ರಮವನ್ನು ಚೀಟಿ ಎತ್ತಿ ತೀರ್ಮಾನಿಸಿದೆವು. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ರಾಜ್ಯದಲ್ಲಿ ಮತಪತ್ರಗಳನ್ನೇ ಬೇರೆ ಬೇರೆ ಕ್ರಮದಲ್ಲಿ ಅಚ್ಚು ಹಾಕಿ, ಮೇಲಿನ ಹೆಸರಿಗೆ ಸಿಗುವ ಅನಾಯಾಸ ಲಾಭವನ್ನು ಎಲ್ಲರಿಗೂ ಹಂಚುತ್ತಾರೆ. ನನಗೆ ಅದೇ ಇಷ್ಟವಿತ್ತು, ಮುದ್ರಣದ ಖರ್ಚು ಒಪ್ಪಲಿಲ್ಲ.

ಚುನಾವಣೆಯ ದಿನ 612 ಸದಸ್ಯರಲ್ಲಿ 337 ಮಂದಿ ಬಂದು ಮತ ಹಾಕಿದರು. ಎಲ್ಲರಿಗೂ ಒಂದೇ ಬಣ್ಣದ ಪೆನ್ನನ್ನು ನಾವೇ ಕೊಟ್ಟಿದ್ದೆವು. ಇದು ಅತಿಯಾದ ಎಚ್ಚರವೆಂದು ಕೆಲವರು ಅಂದುಕೊಂಡರು. ಆದರೆ 2016ರಲ್ಲಿ ಹರಿಯಾಣದ ರಾಜ್ಯಸಭಾ ಚುನಾವಣೆಯಲ್ಲಿ, ನಿಗದಿಪಡಿಸಿದ ಪೆನ್ನು ಬಳಸಲಿಲ್ಲವೆಂಬ ಕಾರಣಕ್ಕೆ ಹತ್ತಕ್ಕೂ ಹೆಚ್ಚು ಮತಗಳು ತಿರಸ್ಕೃತವಾಗಿ ಫಲಿತಾಂಶವೇ ಬದಲಾದದ್ದನ್ನು ನಾನು ಮರೆತಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಪೆಟ್ಟಿಗೆ ತೆರೆದೆವು. 13 ಅಭ್ಯರ್ಥಿಗಳಿಗೆ 13 ಮಿಠಾಯಿ ಡಬ್ಬಿಗಳು, ಮುಂದಿನ ಆಯ್ಕೆಯಿಲ್ಲದೆ ಮುಗಿದುಹೋದ ಮತಗಳಿಗೆ ಹದಿನಾಲ್ಕನೆಯದು. ಮೊದಲ ಕೆಲಸ ಅಸಿಂಧು ಮತಗಳನ್ನು ಬೇರ್ಪಡಿಸುವುದು. 5 ಮತಪತ್ರಗಳಲ್ಲಿ ಅಂಕಿಯ ಬದಲು ಸರಿ ಗುರುತಿತ್ತು, 3ರಲ್ಲಿ ಇಬ್ಬರಿಗೆ 1 ಎಂದಿತ್ತು, 2ರಲ್ಲಿ ಮತದಾರರು ಸಹಿ ಹಾಕಿ ಗುರುತು ಬಿಟ್ಟುಕೊಟ್ಟಿದ್ದರು, ಒಂದು ಖಾಲಿಯಿತ್ತು. ಇವುಗಳ ಬಗ್ಗೆ ತಕರಾರು ಬರಲಿಲ್ಲ. ತಕರಾರು ಬಂದದ್ದು ಅಂಕಿಗಳ ಲಿಪಿಯ ಬಗ್ಗೆ. ಕನ್ನಡ, ದೇವನಾಗರಿ, ಇಂಗ್ಲಿಷ್ ಯಾವ ಅಂಕಿಯನ್ನಾದರೂ ಬರೆಯಬಹುದೆಂದು ನಾವು ಪ್ರಕಟಿಸಿದ್ದೆವು. ಮುಂಬಯಿಯ ಕನ್ನಡಿಗರು ಮೂರನ್ನೂ ಬಳಸಿದ್ದರು. ಒಂದು ಮತಪತ್ರದಲ್ಲಿ ಮರಾಠಿ ಶಾಲೆಯಲ್ಲಿ ಕಲಿತ ಕೈ ಬರೆದ १ ಇತ್ತು. ಏಜೆಂಟರೊಬ್ಬರು ಅದು ಇಂಗ್ಲಿಷಿನ 9, ಹಾಗಾಗಿ 1 ಇಲ್ಲದ ಈ ಮತ ಅಸಿಂಧು ಎಂದರು. 13 ಅಭ್ಯರ್ಥಿಗಳಿರುವಾಗ 9 ಇರಲು ಸಾಧ್ಯವೇ ಆದ್ದರಿಂದ ಆ ವಾದವನ್ನು ತಳ್ಳಿಹಾಕುವಂತಿರಲಿಲ್ಲ. ಇನ್ನೊಂದರಲ್ಲಿ ಕನ್ನಡದ ೧ನ್ನು ಅವಸರದಲ್ಲಿ ಪೂರ್ತಿ ಸುತ್ತಿಬಿಟ್ಟು ಸೊನ್ನೆಯಂತೆ ಕಾಣುತ್ತಿತ್ತು. ಒಂದೇ ಮತಪತ್ರದಲ್ಲಿರುವ ಉಳಿದ ಅಂಕಿಗಳು ಯಾವ ಲಿಪಿಯಲ್ಲಿವೆಯೋ ಸಂದೇಹದ ಅಂಕಿಯನ್ನೂ ಅದೇ ಲಿಪಿಯದೆಂದು ಓದಬೇಕೆಂದು ನಾನು ತೀರ್ಮಾನ ಕೊಟ್ಟು, ಎಲ್ಲ ಏಜೆಂಟರಿಂದ ಅದಕ್ಕೆ ಸಹಿ ಹಾಕಿಸಿಕೊಂಡೆ. ಮೊದಲನೆಯದರಲ್ಲಿ २, ३ ಇದ್ದವು, ಎರಡನೆಯದರಲ್ಲಿ ೨ ಮತ್ತು ೩. ಎರಡೂ ಉಳಿದುಕೊಂಡವು. ಮತಪತ್ರದ ಹಿಂದೆ ಒಬ್ಬ ಮನುಷ್ಯ ಕುಳಿತು ಯೋಚಿಸಿ ಬರೆದಿರುತ್ತಾನೆ, ಅವನ ಬಯಕೆ ತಿಳಿಯುವಂತಿದ್ದರೆ ಅದನ್ನು ಎಸೆಯಬಾರದೆಂದು ನಾನು ಬಲವಾಗಿ ನಂಬುತ್ತೇನೆ.

ಸಿಂಧುವಾದವು 326. ರಾಜ್ಯಸಭೆಯ ಎಣಿಕೆಯಲ್ಲಿರುವಂತೆ ನಾವೂ ಪ್ರತಿ ಮತಪತ್ರದ ಮೌಲ್ಯವನ್ನು 100 ಎಂದು ಇಟ್ಟುಕೊಂಡೆವು. ಒಟ್ಟು 32600ನ್ನು 8ರಿಂದ ಭಾಗಿಸಿ ಒಂದನ್ನು ಕೂಡಿಸಿದರೆ 4076, ಅದೇ ಗೆಲುವಿಗೆ ಬೇಕಾದ ಕೋಟಾ. ಸ್ಥಾನ 7 ಇರುವಾಗ 8ರಿಂದ ಭಾಗಿಸುವುದೇಕೆಂದು ಎಲ್ಲರೂ ಕೇಳಿದರು. ಎಂಟನೆಯ ಒಂದು ಭಾಗಕ್ಕಿಂತ ಹೆಚ್ಚು ಮತವನ್ನು ಏಳು ಮಂದಿ ಪಡೆಯಬಹುದು, ಎಂಟು ಮಂದಿ ಪಡೆಯಲು ಎಂದಿಗೂ ಆಗದು. ಹಾಗಾಗಿ ಗೆಲುವಿಗೆ ಸಾಕಾಗುವ ಅತಿ ಚಿಕ್ಕ ಸಂಖ್ಯೆ ಅದೇ. ಹೆನ್ರಿ ಡ್ರೂಪ್ ಎಂಬ ಇಂಗ್ಲಿಷ್ ವಕೀಲ 19ನೆಯ ಶತಮಾನದಲ್ಲಿ ಕಂಡುಕೊಂಡ ಈ ಸೂತ್ರವೇ ಇಂದಿಗೂ ಚಾಲ್ತಿಯಲ್ಲಿದೆ.

ಮೊದಲ ಪ್ರಾಶಸ್ತ್ಯದ, ಅಂದರೆ 1 ಎಂದು ಬರೆದ ಮತಗಳ ಎಣಿಕೆಯಲ್ಲಿ ಹಿಂದಿನ ಅಧ್ಯಕ್ಷರಾದ ಹೋಟೆಲ್ ಉದ್ಯಮಿಗೆ 71, ಅವರದೇ ಬಣದ ಖಜಾಂಚಿಗೆ 42, ಎದುರು ಬಣದ ಮುಖಂಡರಿಗೆ 43 ಬಂದು ಮೂವರೂ ಒಡನೆಯೇ ಗೆದ್ದರು. ಮಕ್ಕಳ ಕನ್ನಡ ತರಗತಿ ನಡೆಸುವ, ಯಾವ ಬಣಕ್ಕೂ ಸೇರದ ಹೆಣ್ಣುಮಗಳಿಗೆ 31. ಕಟ್ಟಡ ಕಾರ್ಮಿಕರ ಕಡೆಯಿಂದ ನಿಂತಿದ್ದ ಯಾದಗಿರಿಯ ಯುವಕನಿಗೆ 19. ಹಳೆಯ ಬಣದ ನಾಲ್ಕನೆಯವರಾದ, ನಾಟಕದ ವ್ಯವಸ್ಥೆ ನೋಡಿಕೊಳ್ಳುವ ಹಿರಿಯರಿಗೆ 18.

ಇನ್ನು ಅಧ್ಯಕ್ಷರ ಹೆಚ್ಚುವರಿ ಮತದ ವಿಷಯ. ಇಡೀ ಪದ್ಧತಿಯ ತಿರುಳು ಇಲ್ಲಿದೆ. ಅವರ ಮೌಲ್ಯ 7100, ಬೇಕಾದದ್ದು 4076, ಉಳಿದದ್ದು 3024. ಅವರ ಏಜೆಂಟರು, "ಅವರಿಗೆ ಬಿದ್ದ ಮತವನ್ನು ಬೇರೆಯವರಿಗೆ ಕೊಡುವುದೆಂದರೆ ಎಂಥದು ಮಾರಾಯ್ರೆ? ಜನ ಅವರ ಮುಖ ನೋಡಿ ಹಾಕಿದ್ದಲ್ಲವಾ?" ಎಂದು ಎದ್ದು ನಿಂತರು. ಮತ ಅಭ್ಯರ್ಥಿಯ ಆಸ್ತಿಯಲ್ಲ, ಅದನ್ನು ಹಾಕಿದವರದು, ಅವರೇ ಎರಡನೆಯ ಹೆಸರನ್ನೂ ಬರೆದುಕೊಟ್ಟಿದ್ದಾರೆ ಎಂದು ವಿವರಿಸಿದೆ. ಹಾಗಾದರೆ 71ರಲ್ಲಿ ಯಾವ ಮತಪತ್ರಗಳನ್ನು ಎತ್ತಿ ಕೊಡುವುದು? ಐರ್ಲೆಂಡಿನ ಸಾರ್ವತ್ರಿಕ ಚುನಾವಣೆಗಳಲ್ಲಿ ಹೆಚ್ಚುವರಿಯಷ್ಟು ಮತಪತ್ರಗಳನ್ನೇ ಎಣಿಸಿ ದಾಟಿಸುತ್ತಾರೆ. ಯಾವ ಕಾಗದ ದಾಟಿತು, ಯಾವುದು ಉಳಿಯಿತು ಎಂಬುದರಲ್ಲಿ ಸ್ವಲ್ಪ ಆಕಸ್ಮಿಕ ಉಳಿದುಬಿಡುತ್ತದೆ. ನಮ್ಮ ದೇಶದ ನಿಯಮದಲ್ಲಿ ಎಲ್ಲ ಮತಪತ್ರಗಳೂ ಕಡಿಮೆ ಮೌಲ್ಯದಲ್ಲಿ ಮುಂದಕ್ಕೆ ಹೋಗುತ್ತವೆ. 71ರಲ್ಲಿ 3 ಮಂದಿ 1 ಮಾತ್ರ ಬರೆದು ನಿಲ್ಲಿಸಿದ್ದರು. ಉಳಿದ 68ಕ್ಕೆ 3024ನ್ನು ಹಂಚಿದರೆ ಒಂದೊಂದಕ್ಕೆ 44, ಶೇಷ 32 ಬಿಟ್ಟುಬಿಡಬೇಕು. ನಾನು ಆ 68 ಮತಪತ್ರಗಳ ಮೇಲೂ ಪೆನ್ಸಿಲಿನಿಂದ 44 ಎಂದು ಬರೆದು, ಮುಂದಿನ ಆಯ್ಕೆಯ ಪ್ರಕಾರ ಡಬ್ಬಿಗಳಿಗೆ ಹಾಕಿದೆ. ಬಣದ ಮೂರನೆಯವರಿಗೆ 29 ಕಾಗದ, ನಾಟಕದ ಹಿರಿಯರಿಗೆ 14. ಅಚ್ಚರಿಯೆಂದರೆ ಬಣವನ್ನು ದಾಟಿ ತರಗತಿಯ ಹೆಣ್ಣುಮಗಳಿಗೂ 8 ಬಂದವು. ಹಳೆಯ ಪದ್ಧತಿಯಲ್ಲಿ ಈ ಎಂಟು ಮಂದಿಯ ಮನಸ್ಸು ಯಾರಿಗೂ ಕಾಣುತ್ತಿರಲಿಲ್ಲ.

ಮುಂದಿನ ಸುತ್ತುಗಳು ಕೆಳಗಿನವರನ್ನು ಒಬ್ಬೊಬ್ಬರಾಗಿ ಕೈಬಿಡುವ ಸುತ್ತುಗಳು. ಅವುಗಳನ್ನೆಲ್ಲ ಇಲ್ಲಿ ವಿವರಿಸುವುದಿಲ್ಲ. ಒಂದು ಮತಪತ್ರದ ದಾರಿಯನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಅದು ನಾಲ್ಕು ಬಾರಿ ನನ್ನ ಕೈಗೆ ಬಂದು, ಬಲಮೂಲೆ ಮಡಿಚಿದ್ದರಿಂದ ಗುರುತು ಸಿಗುವಂತಾಗಿತ್ತು. ಅದರ ಒಡೆಯರು ಮೊದಲ ಮತವನ್ನು ಕೇವಲ 5 ಮತ ಪಡೆದ, ಎಲ್ಲರಿಗಿಂತ ಕೊನೆಯ ಅಭ್ಯರ್ಥಿಗೆ ಕೊಟ್ಟಿದ್ದರು. ಆ ಅಭ್ಯರ್ಥಿ ಹೊರಬಿದ್ದಾಗ ಮತಪತ್ರ 2 ಎಂದಿದ್ದ ಹೆಸರಿಗೆ ಹೋಯಿತು. ಅವರೂ ಹೊರಬಿದ್ದರು, 3ಕ್ಕೆ ಹೋಯಿತು. ಆ ಮೂರನೆಯವರನ್ನೂ ಕೊನೆಯ ಸುತ್ತಿನಲ್ಲಿ ಕೈಬಿಟ್ಟಾಗ 4ರ ಮುಂದೆ ತರಗತಿಯ ಹೆಣ್ಣುಮಗಳ ಹೆಸರಿತ್ತು. ಗೆದ್ದವರ ಡಬ್ಬಿಯಿಂದ ದಾಟಿದ್ದಲ್ಲವಾದ್ದರಿಂದ ಪೂರ್ತಿ 100 ಮೌಲ್ಯದೊಡನೆ ಅದು ಅವರ ಡಬ್ಬಿ ಸೇರಿತು. 3867ರಲ್ಲಿ ನಿಂತಿದ್ದ ಅವರನ್ನು 4267ಕ್ಕೆ ಏರಿಸಿ ಗೆಲ್ಲಿಸಿದ ನಾಲ್ಕು ಮತಗಳಲ್ಲಿ ಅದೂ ಒಂದು. ಅದೇ ಸುತ್ತಿನಲ್ಲಿ ನಾಟಕದ ಹಿರಿಯರು 4293 ತಲುಪಿ ಏಳನೆಯ ಸ್ಥಾನ ತುಂಬಿದರು. ಯಾದಗಿರಿಯ ಯುವಕ 2834ರಲ್ಲಿ ಉಳಿದ.

ಹಳೆಯ ಬಣಕ್ಕೆ ಮೊದಲ ಪ್ರಾಶಸ್ತ್ಯದಲ್ಲಿ 326ರಲ್ಲಿ 180 ಬಂದಿತ್ತು, ಸ್ಥಾನ 4 ಸಿಕ್ಕಿತು. ಎದುರು ಬಣಕ್ಕೆ 96 ಬಂದಿತ್ತು, ಸ್ಥಾನ 2. ಬಣವಿಲ್ಲದ ಇಬ್ಬರಿಗೆ ಸೇರಿ 50, ಸ್ಥಾನ 1. ಯಾರೂ ಹಂಚಿಕೆ ಮಾಡದೆ, ಯಾವ ಜಿಲ್ಲೆಯ ಹೆಸರನ್ನೂ ಎತ್ತದೆ ಈ ಪ್ರಮಾಣ ತಾನಾಗಿಯೇ ಮೂಡಿದ್ದನ್ನು ಕಂಡು ನನಗೆ ಆದ ಸಮಾಧಾನ ದೊಡ್ಡದು.

ಆದರೆ ಆ ಯುವಕನ ಪ್ರಶ್ನೆಗೆ ಉತ್ತರಿಸುವುದು ಸುಲಭವಾಗಿರಲಿಲ್ಲ. "ಟೀಚರ್, 19 ದೊಡ್ಡದೋ 18 ದೊಡ್ಡದೋ? ನೀವು ಲೆಕ್ಕದ ಟೀಚರ್ ಅದೀರಿ, ನೀವೇ ಹೇಳ್ರಿ" ಎಂದು ಅವನು ಕೇಳಿದಾಗ ಹಿಂದೆ ನಿಂತಿದ್ದ ಅವನ ಕಡೆಯವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಅವನಿಗೆ 2022ರ ಜೂನ್ 10ರ ರಾಜ್ಯಸಭಾ ಚುನಾವಣೆಯನ್ನು ನೆನಪಿಸಿದೆ. ಮಹಾರಾಷ್ಟ್ರದ 6 ಸ್ಥಾನಕ್ಕೆ 7 ಮಂದಿ ನಿಂತಿದ್ದರು. ಸಿಂಧು ಮತ 284, ಕೋಟಾ 4058. ಶಿವಸೇನೆಯ ಸಂಜಯ್ ಪವಾರ್ ಅವರಿಗೆ 33 ಮೊದಲ ಪ್ರಾಶಸ್ತ್ಯದ ಮತಗಳು, ಬಿಜೆಪಿಯ ಧನಂಜಯ ಮಹಾಡಿಕ್ ಅವರಿಗೆ 27. ಗೆದ್ದವರು ಮಹಾಡಿಕ್. ಅವರ ಪಕ್ಷದ ಪೀಯೂಷ್ ಗೋಯಲ್ ಮತ್ತು ಅನಿಲ್ ಬೋಂಡೆ ತಲಾ 48 ಮತ ಪಡೆದಿದ್ದರು. ಒಬ್ಬೊಬ್ಬರ 4800ರಲ್ಲಿ 742 ಹೆಚ್ಚುವರಿಯಾಗಿ ಉಳಿದು, ಎರಡನೆಯ ಪ್ರಾಶಸ್ತ್ಯದ ದಾರಿಯಲ್ಲಿ ಮಹಾಡಿಕ್ ಅವರನ್ನು ಮುಟ್ಟಿತು. ನಮ್ಮಲ್ಲೂ ಆದದ್ದು ಅದೇ. ಹಿರಿಯರ 4293ರಲ್ಲಿ ಅವರ ಸ್ವಂತದ್ದು 1800, ಉಳಿದದ್ದೆಲ್ಲ ಬೇರೆಯವರನ್ನು ಮೊದಲು ಆರಿಸಿ ಆಮೇಲೆ ಅವರನ್ನೂ ಒಪ್ಪಿದವರದು. ಯುವಕನ 2834ರಲ್ಲಿ 1900 ಸ್ವಂತದ್ದು. ಅಧ್ಯಕ್ಷರ 68 ಕಾಗದಗಳಲ್ಲಿ ಒಂದೂ ಅವನ ಡಬ್ಬಿಗೆ ಬರಲಿಲ್ಲ. ಅವನು ತನ್ನ ವಸತಿಯ ಹೊರಗೆ ಯಾರ ಮನೆಗೂ ಹೋಗಿ ಎರಡನೆಯ ಮತ ಕೇಳಿರಲಿಲ್ಲ. ಕೇಳಬಹುದೆಂಬುದನ್ನು ನಾವೂ ಅವನಿಗೆ ಹೇಳಿರಲಿಲ್ಲ. ಹೇಗೆ ಬರೆಯಬೇಕೆಂದು ಮತದಾರರಿಗೆ ಕಲಿಸಲು ಮೂರು ಭಾನುವಾರ ಕಳೆದ ನಾನು, ಹೇಗೆ ಕೇಳಬೇಕೆಂದು ಅಭ್ಯರ್ಥಿಗಳಿಗೆ ತಿಳಿಸಲು ಒಂದು ಸಂಜೆಯನ್ನೂ ಮೀಸಲಿಡಲಿಲ್ಲ. ಇದು ನನ್ನಿಂದಾದ ಲೋಪ, ಅದನ್ನು ಅವನೆದುರಿಗೇ ಒಪ್ಪಿಕೊಂಡೆ.

ಇನ್ನೊಂದು ಸಂಗತಿಯನ್ನೂ ಅವನಿಂದ ಮುಚ್ಚಿಡಲಿಲ್ಲ. ಈ ಪದ್ಧತಿಯಲ್ಲೂ ಕೋಟಾಕ್ಕಿಂತ ತುಸು ಕಡಿಮೆ ಮತಗಳು ಯಾರನ್ನೂ ಗೆಲ್ಲಿಸದೆ ಕೊನೆಯ ಡಬ್ಬಿಯಲ್ಲಿ ಉಳಿಯಬಹುದು. ಆ ದಿನ ಹಾಗೆ ಉಳಿದದ್ದು ಅವನ ಡಬ್ಬಿ. 7ರ ಬದಲು 9 ಸ್ಥಾನಗಳಿದ್ದರೆ ಕೋಟಾ 3261ಕ್ಕೆ ಇಳಿಯುತ್ತಿತ್ತು. ಸ್ಥಾನಗಳು ಹೆಚ್ಚಿದಷ್ಟೂ ಸಣ್ಣ ಗುಂಪುಗಳಿಗೆ ಬಾಗಿಲು ಅಗಲವಾಗುತ್ತದೆ. ಸಮಿತಿಯನ್ನು 9 ಮಂದಿಯದನ್ನಾಗಿ ಮಾಡುವ ಪ್ರಸ್ತಾಪವನ್ನು ನಾನು ಮುಂದಿನ ಮಹಾಸಭೆಯ ಕಾರ್ಯಸೂಚಿಗೆ ಬರೆದುಕೊಟ್ಟಿದ್ದೇನೆ.

ರಾತ್ರಿ ಒಂಬತ್ತೂವರೆಗೆ ಏಜೆಂಟರೆಲ್ಲರೂ ಸುತ್ತುಗಳ ಹಾಳೆಗೆ ಸಹಿ ಹಾಕಿದರು. ಡಬ್ಬಿಗಳನ್ನು ದಾರದಿಂದ ಕಟ್ಟಿ, ಸಂಘದ ಕಬ್ಬಿಣದ ಟ್ರಂಕಿನಲ್ಲಿಟ್ಟು ಅರಗಿನ ಮುದ್ರೆ ಒತ್ತಿದೆವು. ಯುವಕ ಕಲ್ಯಾಣದ ಲೋಕಲ್ ಹಿಡಿಯುವುದಕ್ಕೆ ಮೊದಲು ಆ ಹಾಳೆಯ ಫೋಟೋ ತೆಗೆದುಕೊಳ್ಳಬಹುದೇ ಎಂದು ಕೇಳಿದ. ಫಲಿತಾಂಶದ ಹಾಳೆ ಎಲ್ಲ ಸದಸ್ಯರದು ಎಂದೆ. ಅವನು ಮೇಜಿನ ಮೇಲೆ ಅದನ್ನು ಹರಡಿ, ಯಾವ ಸುತ್ತಿನಲ್ಲಿ ಯಾರ ಡಬ್ಬಿಯಿಂದ ತನಗೆ ಎಷ್ಟು ಬಂತೆಂಬುದನ್ನು ಬೆರಳಿಟ್ಟು ಓದುತ್ತಾ, ಎದುರು ಬಣದವರಿಂದ 7 ಕಾಗದಗಳಲ್ಲಿ ಬಂದ 399ರ ಸಾಲಿನಲ್ಲಿ ನಿಂತು, "ಈ ಏಳು ಮಂದಿ ಯಾರಿರಬಹುದ್ರಿ?" ಎಂದ. ಮತ ಗುಪ್ತವಾದ್ದರಿಂದ ತಿಳಿಯುವಂತಿಲ್ಲವೆಂದೆ. ಅವನು ತಲೆಯಾಡಿಸಿ ಫೋಟೋ ತೆಗೆದುಕೊಂಡ.